ಫ್ಯಾಕ್ಸಿನೊಳಗಿನ ಅಕ್ಷತೆ

"ತಂದ್ರಾ?"

ಬಾಗಿಲು ತೆಗೆದವಳು ನನ್ನ ಹೆಂಡತಿ ರಾಜಲಕ್ಷ್ಮಿ. ಮನೆ ನಮ್ಮದಲ್ಲ, ನಮ್ಮ ಕನ್ನಡ ಸಂಘದ ಹುಡುಗ ಗುರುದತ್ತನದು. ಬೇರೆಯವರ ಮನೆಯ ಬಾಗಿಲನ್ನು ಇಷ್ಟು ಹಕ್ಕಿನಿಂದ ತೆಗೆಯುವುದು ಪೊಲೀಸರಿಗೂ ಇವಳಿಗೂ ಮಾತ್ರ ಸಾಧ್ಯ.

"ತಂದೆ. ಶೂ ಬಿಚ್ಚೋದಕ್ಕಾದ್ರೂ ಬಿಡೇ."

ಬಿಡಲಿಲ್ಲ. ನನ್ನ ಕೈಯಲ್ಲಿದ್ದ ಹಾಳೆ ಕಿತ್ತುಕೊಂಡು ಊಟದ ಟೇಬಲ್ಲಿನತ್ತ ನಡೆದಳು. ಆ ಒಂದು ಹಾಳೆಗಾಗಿ ನಾನು ಶನಿವಾರದ ಮಧ್ಯಾಹ್ನದ ನಿದ್ದೆ ಬಿಟ್ಟು, ಎಲಿಕಾಟ್ ಸಿಟಿಯ ಈ ತುದಿಯಿಂದ ಆ ತುದಿಗೆ ಕಾರು ಓಡಿಸಿ, ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಫ್ಯಾಕ್ಸ್ ಯಂತ್ರದ ಮುಂದೆ ಕಾದು ಕುಳಿತಿದ್ದೆ. ಇವಳು ಇಲ್ಲಿ ಗುರುದತ್ತನ ಯಂತ್ರದಿಂದ ಒಂದು ಖಾಲಿ ಹಾಳೆ ಕಳಿಸುವುದು, ಅದು ಅಲ್ಲಿ ಬರುವುದು, ನಾನು ಅದನ್ನು ಹೊತ್ತು ತರುವುದು. ಇಪ್ಪತ್ತೆಂಟು ವರ್ಷ ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಸಾವಿರಾರು ಜನರನ್ನು ಮಲಗಿಸಿದ ಡಾಕ್ಟರ್ ಶೇಷಾದ್ರಿ ನಿವೃತ್ತಿಯಾದ ಮೇಲೆ ಹೆಂಡತಿಯ ಪೋಸ್ಟ್‌ಮ್ಯಾನ್ ಆಗಿದ್ದಾನೆ.

"ನೋಡ್ರೀ," ಎಂದು ಹಾಳೆ ಹರವಿದಳು.

ಖಾಲಿ ಹಾಳೆ ಖಾಲಿಯಾಗಿ ಬಂದಿರಲಿಲ್ಲ. ಬಲ ಅಂಚಿನಿಂದ ಎರಡು ಬೆರಳಷ್ಟು ಒಳಗೆ, ಮೇಲಿಂದ ಕೆಳಗಿನ ತನಕ, ಕೂದಲೆಳೆಯಂಥ ಒಂದು ಕಪ್ಪು ಗೆರೆ. ಪಕ್ಕದಲ್ಲಿದ್ದ ಮೂರು ಪುಟಗಳ ಮೇಲೂ ಅದೇ ಜಾಗದಲ್ಲಿ ಅದೇ ಗೆರೆ.

ಗುರುದತ್ತನ ಮುಖ ಇಳಿದುಹೋಯಿತು. ಸೋಫಾದ ಮೇಲೆ ಕುಳಿತು ಒಗೆದ ಬಟ್ಟೆ ಮಡಚುತ್ತಿದ್ದ ಅವನ ಹೆಂಡತಿ ಯಾಮಿನಿಯ ಕೈ ನಿಂತಿತು.

"ಅಂದ್ರೆ ನನ್ನ ಮೆಷಿನ್ನೇನಾ ಆಂಟಿ?"

"ನಿನ್ನ ಮೆಷಿನ್ನೇ."

ಆ ಮೂರು ಪುಟಗಳ ಕತೆ ಇಷ್ಟು. ಪೆಸಿಫಿಕ್ ಸಾಗರದ ಟೋಂಗಾ ರಾಜ್ಯ ಇಪ್ಪತ್ತಾರು ವರ್ಷ ತೈವಾನಿನ ಕೈ ಹಿಡಿದುಕೊಂಡಿದ್ದು, ಈ ಸೋಮವಾರ, ನವೆಂಬರ್ ಎರಡರಂದು, ಅದನ್ನು ಬಿಟ್ಟು ಚೀನಾದ ಕೈ ಕುಲುಕಿತು. ಲೋಕಕ್ಕೆ ಗೊತ್ತಾದದ್ದು ಆವತ್ತು. ಆದರೆ ವಾಷಿಂಗ್ಟನ್ನಿನಲ್ಲಿ ದ್ವೀಪದೇಶಗಳ ವಿಷಯದಲ್ಲಿ ಸಲಹೆ ಕೊಡುವ ಹಾರ್ಗ್ರೋವ್ ಕಂಪನಿಗೆ ಗಾಳಿ ಮೊದಲೇ ಬೀಸಿತ್ತು. ಅವರು ಗುಟ್ಟಾಗಿ ಬರೆದಿಟ್ಟ ಮೂರು ಪುಟದ ಟಿಪ್ಪಣಿ ಐದು ವಾರದ ಹಿಂದೆಯೇ ಗುರುದತ್ತನ ಮನೆಯ ಫ್ಯಾಕ್ಸಿನಿಂದ ಹೊರಬಿದ್ದು, ದಕ್ಷಿಣ ಕೆರೊಲಿನಾದ ಫೋರ್ಟ್ ಮಿಲ್ಲಿನ ಯಾವುದೋ ಕಾಪಿ ಅಂಗಡಿಗೆ ಹೋಗಿತ್ತು. ಈ ಮಂಗಳವಾರ ಅದರ ಪ್ರತಿ ಹೆಸರಿಲ್ಲದ ಲಕೋಟೆಯಲ್ಲಿ ಪಕ್ಕದ ಷಾರ್ಲೆಟ್ಟಿನಿಂದ ಹಾರ್ಗ್ರೋವ್ ಸಾಹೇಬನ ಟೇಬಲ್ಲಿಗೇ ಬಂತು, ತಲೆಯ ಮೇಲೆ ಗುರುದತ್ತನ ನಂಬರೂ ಅಂಗಡಿಯ ನಂಬರೂ ಅಚ್ಚಾಗಿ. ತನ್ನ ನಂಬರನ್ನು ಯಾರೋ ಸುಳ್ಳೇ ಅಚ್ಚು ಹಾಕಿರಬೇಕೆಂಬುದು ಗುರುದತ್ತನ ವಾದ.

ಗುರುದತ್ ಅದೇ ಕಂಪನಿಯ ಕಂಪ್ಯೂಟರ್ ನೋಡಿಕೊಳ್ಳುವವನು. ಟೋಂಗಾದಲ್ಲಿ ಹಗಲಾದಾಗ ನಮಗೆ ಹಿಂದಿನ ದಿನದ ಸಂಜೆ, ರಾತ್ರಿ. ಅದಕ್ಕೇ ಅವನ ಮನೆಗೊಂದು ಫ್ಯಾಕ್ಸ್ ಕೊಟ್ಟಿದ್ದರು. ಬರುವ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅವನು ತಾನು ಕಳಿಸಿಲ್ಲ ಎಂದು ತೋರಿಸಬೇಕು. ಇಲ್ಲವಾದರೆ ಕೆಲಸ ಹೋಯಿತು, ಕೆಲಸದ ಜೊತೆ ವೀಸಾ ಹೋಯಿತು, ಫೈಲು ಎಫ್‌ಬಿಐ ಕೈ ಸೇರಿತು.

ಫೋರ್ಟ್ ಮಿಲ್ಲಿನ ಅಂಗಡಿಯಲ್ಲಿ ವಿಚಾರಿಸಲು ನಮ್ಮ ಮಗ ಅಮೋಘನಿಗೇ ಹೇಳಿದ್ದೆವು. ಅವನಿರುವುದು ಅದೇ ಊರಿನಲ್ಲಿ. ದಿನಾ ಷಾರ್ಲೆಟ್ಟಿನ ಬ್ಯಾಂಕೊಂದಕ್ಕೆ ಕಾರಿನಲ್ಲಿ ಹೋಗಿಬರುತ್ತಾನೆ. "ನೋಬಡಿ ರಿಮೆಂಬರ್ಸ್ ಅಪ್ಪಾ," ಎಂದು ಎರಡು ನಿಮಿಷದಲ್ಲಿ ಫೋನ್ ಇಟ್ಟಿದ್ದ. ಇಲ್ಲಿ ಹುಟ್ಟಿದ ಮಕ್ಕಳಿಗೆ ಫೋನಿನಲ್ಲಿ ಮಾತಾಡುವ ವ್ಯವಧಾನವಿಲ್ಲ.

ರಾಜಲಕ್ಷ್ಮಿ ಕೈಚೀಲದಿಂದ ಚಿಮಟ ತೆಗೆದಳು. ದಸ್ತಾವೇಜು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು; ಬೇರೆ ಹೆಂಗಸರ ಚೀಲದಲ್ಲಿ ಲಿಪ್‌ಸ್ಟಿಕ್ ಇರುವಲ್ಲಿ ಇವಳ ಚೀಲದಲ್ಲಿ ಚಿಮಟ, ಭೂತಗನ್ನಡಿ. ಫ್ಯಾಕ್ಸಿನ ಮುಚ್ಚಳ ಎತ್ತಿ, ಹಾಳೆ ಜಾರುವ ಸಂದಿಯೊಳಗೆ ಇಣುಕಿ, ಏನನ್ನೋ ಹಿಡಿದು ಹೊರಗೆಳೆದಳು.

ಅರಿಸಿನ ಹಚ್ಚಿದ ಒಂದು ಅಕ್ಕಿ ಕಾಳು.

"ಅಕ್ಷತೆ," ಎಂದೆ ನಾನು, ಬೇರೆ ಯಾರಿಗೂ ಗೊತ್ತಿಲ್ಲವೆಂಬಂತೆ.

"ಗಾಜಿನ ಮೇಲೆ ಕೂತಿತ್ತು. ಹಾಳೆ ಅದರ ಮೇಲೆ ಜಾರಿದಾಗೆಲ್ಲ ಉದ್ದಕ್ಕೂ ಒಂದು ಗೆರೆ." ಅವಳು ಗುರುದತ್ತನತ್ತ ತಿರುಗಿದಳು. "ನಿನ್ನ ಆಫೀಸಿಂದ ಹಳೇ ಫ್ಯಾಕ್ಸ್ ತರಿಸಿದ್ನಲ್ಲ. ಸೆಪ್ಟೆಂಬರ್ ಇಪ್ಪತ್ತೆಂಟರ ತನಕ ನೀನು ಕಳಿಸಿದ ಯಾವುದರಲ್ಲೂ ಗೆರೆ ಇಲ್ಲ. ಅಕ್ಟೋಬರಿಂದ ಎಲ್ಲದರಲ್ಲೂ ಇದೆ. ಆಯುಧಪೂಜೆ ಯಾವತ್ತು ಮಾಡಿದೆ?"

"ಬುಧವಾರ ಆಂಟಿ, ಸೆಪ್ಟೆಂಬರ್ ಮೂವತ್ತು. ಬೆಳಗ್ಗೆ ಎಂಟಕ್ಕೆ. ಕಾರು, ಕಂಪ್ಯೂಟರ್, ಮಿಕ್ಸಿ, ಫ್ಯಾಕ್ಸು, ಎಲ್ಲಕ್ಕೂ. ರಜಾ ಹಾಕಿದ್ದೆ."

"ಫ್ಯಾಕ್ಸ್ ಮೇಲೆ ಕುಂಕುಮ ನೇರವಾಗಿ ಇಟ್ಯಾ?"

"ಹೌದು. ಆಮೇಲೆ ಪ್ಲಗ್ ಕಿತ್ತಿಟ್ಟೆ. ಆವತ್ತು ಆಯುಧ ಮುಟ್ಟಬಾರದಲ್ವಾ. ನಾನು ಮುಟ್ಟೇ ಇಲ್ಲ ಆಂಟಿ, ದೇವರಾಣೆ."

ಮೆಷಿನ್ನಿಗೆ ನೇರವಾಗಿ ಕುಂಕುಮ ಮೆತ್ತುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆಸ್ಪತ್ರೆಯಲ್ಲಿ ನನ್ನ ಅರಿವಳಿಕೆ ಯಂತ್ರಕ್ಕೆ ಪೂಜೆ ಮಾಡಿ, ಅದು ಕೆಂಪಾಗಿ, ನರ್ಸಮ್ಮ ರಕ್ತವೆಂದು ಕಿರುಚಿ ರಾದ್ಧಾಂತವಾದ ಮೇಲೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಆಪರೇಷನ್ ಥಿಯೇಟರಿನ ಬಿಳಿ ಪೇಪರ್ ಟೇಪನ್ನು ಚೌಕವಾಗಿ ಕತ್ತರಿಸಿ ಅಂಟಿಸಿ, ಅದರ ಮೇಲೆ ಕುಂಕುಮವಿಡುವುದು. ಕೀಳಲು ಸುಲಭವಾಗಲೆಂದು ಟೇಪಿನ ಒಂದು ಮೂಲೆ ಮಡಚುವುದು ನಮ್ಮ ಅರಿವಳಿಕೆಯವರ ಅಭ್ಯಾಸ. ಅಮೋಘ ಚಿಕ್ಕವನಿದ್ದಾಗ ತನ್ನ ಸೈಕಲ್ಲಿಗೂ ವಿಡಿಯೋ ಗೇಮಿಗೂ ಹೀಗೇ ಟೇಪು ಹಚ್ಚಿ, ಮೂಲೆ ಮಡಚಿ, ನನ್ನ ಮುಖ ನೋಡುತ್ತಿದ್ದ. ಪ್ರತಿ ವರ್ಷ ಹಬ್ಬಕ್ಕೆ ಬರುತ್ತಿದ್ದವನು ಈ ವರ್ಷ ಕೆಲಸವಿದೆ ಎಂದು ಬರಲಿಲ್ಲ. ನಾನೊಬ್ಬನೇ ಟೇಪು ಕತ್ತರಿಸಿದ್ದೆ.

"ಕಂಪನಿಯವರು ಏನಂತಾರೆ ಗೊತ್ತಾ?" ರಾಜಲಕ್ಷ್ಮಿ ಮೂರು ಪುಟಗಳನ್ನು ಎತ್ತಿ ಹಿಡಿದಳು. ತಲೆಯ ಮೇಲೆ ಸಣ್ಣಕ್ಷರದಲ್ಲಿ ಸೆಪ್ಟೆಂಬರ್ 30, ಬೆಳಗ್ಗೆ 10:42 ಎಂದಿತ್ತು. "ಎಂಟಕ್ಕೆ ಪೂಜೆ. ಅಕ್ಷತೆ ಬಿತ್ತು. ಹತ್ತೂ ನಲವತ್ತೆರಡಕ್ಕೆ ಫ್ಯಾಕ್ಸ್ ಹೋಯ್ತು. ಗೆರೆ ಬಂತು. ಆವತ್ತು ರಜಾ ಹಾಕಿ ಮನೇಲಿದ್ದವನು ನೀನು."

"ಆಂಟಿ! ನೀವು ನನ್ನ ಕಡೆನಾ ಅವರ ಕಡೆನಾ?"

"ಕಾಗದದ ಕಡೆ."

ಅವನು ತಲೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದ. ನನಗೆ ಪಾಪ ಅನ್ನಿಸಿತು. ಸಹಾಯಕ್ಕೆಂದು ಕರೆಸಿಕೊಂಡವಳೇ ಕುಣಿಕೆ ಬಿಗಿಯುತ್ತಿದ್ದಾಳೆ. ಇವಳು ಗೆದ್ದಳೋ ಸೋತಳೋ, ನಾನು ಹಾಳೆ ತಂದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಒಂದೂ ತಿಳಿಯಲಿಲ್ಲ.

ರಾಜಲಕ್ಷ್ಮಿ ಮಾತ್ರ ನಾನು ತಂದ ಹಾಳೆಯ ತಲೆಯನ್ನು ಭೂತಗನ್ನಡಿಯಲ್ಲಿ ನೋಡುತ್ತಾ ನಿಂತಿದ್ದಳು.

"ರೀ, ಇವತ್ತು ಯಾವ ವಾರ?"

"ಶನಿವಾರ."

"ತಾರೀಖು?"

"ಏಳು. ಯಾಕೆ, ಅಷ್ಟೂ ಮರೆತೋಯ್ತಾ?"

"ನಾನು ಈ ಹಾಳೆ ಕಳಿಸಿದ್ದು ಮಧ್ಯಾಹ್ನ ಎರಡೂ ಹತ್ತಕ್ಕೆ. ಗೋಡೆ ಗಡಿಯಾರ ನೋಡಿ ಬರ್ಕೊಂಡಿದೀನಿ. ಓದಿ ಇಲ್ಲಿ."

ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ನವೆಂಬರ್ 8, ಬೆಳಗ್ಗೆ 8:10.

"ಇದು ನಾಳೆ ಬೆಳಗ್ಗೆ ಅಲ್ವೇನೇ?" ಎಂದೆ. ನಾಳೆ ಹೊರಡಬೇಕಾದ ಹಾಳೆಯನ್ನು ಇವತ್ತೇ ಕಾರಿನಲ್ಲಿ ಹಾಕಿಕೊಂಡು ಬಂದಿದ್ದೇನೆ. ನಿವೃತ್ತಿಯಾದ ಮೇಲೆ ಸ್ವಲ್ಪ ಮರೆವು ಬಂದಿದೆ ನಿಜ, ಆದರೆ ಈ ಮಟ್ಟದ್ದಲ್ಲ.

ಗುರುದತ್ ಎದ್ದು ಬಂದು ನೋಡಿ ಹಣೆ ಹಣೆ ಚಚ್ಚಿಕೊಂಡ.

"ಅಯ್ಯೋ! ನಾನೇ ಸೆಟ್ ಮಾಡಿದ್ದು ಆಂಟಿ! ಜೂನ್‌ನಲ್ಲಿ ಮೆಷಿನ್ ಬಂದಾಗ. ಟೋಂಗಾಗೆ ಫೋನ್ ಮಾಡೋ ಮುಂಚೆ ಪ್ರತಿ ಸಲ ಅಲ್ಲಿ ಟೈಮ್ ಎಷ್ಟು ಅಂತ ಲೆಕ್ಕ ಹಾಕ್ಬೇಕಿತ್ತು. ಅದಕ್ಕೇ ಇದರ ಗಡಿಯಾರನ ಅಲ್ಲಿಯ ಟೈಮ್‌ಗೆ ಇಟ್ಟುಬಿಟ್ಟೆ. ಆಮೇಲೆ ಪೂರ್ತಿ ಮರೆತೇಹೋಯ್ತು."

"ಐದು ತಿಂಗಳು ಗಮನಕ್ಕೆ ಬರಲಿಲ್ವಾ?"

"ಈ ತಾರೀಖು ಕಳಿಸೋ ಮೆಷಿನ್ನಿಂದೇ, ಆದ್ರೆ ಅಚ್ಚಾಗೋದು ತಗೊಳ್ಳೋರ ಹಾಳೆ ಮೇಲೆ ಆಂಟಿ. ನನಗೆ ಕಾಣ್ಸೋದೇ ಇಲ್ಲ. ಆಫೀಸಲ್ಲಿ ಅದನ್ನ ಯಾರು ಓದ್ತಾರೆ?"

ರಾಜಲಕ್ಷ್ಮಿ ಬೆರಳ ಗೆಣ್ಣುಗಳ ಮೇಲೆ ಎಣಿಸತೊಡಗಿದಳು. ಮೈಸೂರಿನಲ್ಲಿ ಅವಳ ಅಪ್ಪ ಪಂಚಾಂಗ ನೋಡುವಾಗ ಹೀಗೇ ಎಣಿಸುತ್ತಿದ್ದರು.

"ಈಗ ಟೋಂಗಾ ನಮಗಿಂತ ಹದಿನೆಂಟು ಗಂಟೆ ಮುಂದೆ. ಸೆಪ್ಟೆಂಬರಲ್ಲಿ ನಾವಿನ್ನೂ ಚಳಿಗಾಲಕ್ಕೆ ಅಂತ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಟ್ಟಿರಲಿಲ್ಲ, ಆಗ ಹದಿನೇಳು. ಬುಧವಾರ ಬೆಳಗ್ಗೆ ಹತ್ತೂ ನಲವತ್ತೆರಡರಿಂದ ಹದಿನೇಳು ಗಂಟೆ ಹಿಂದಕ್ಕೆ ಹೋದ್ರೆ..." ಹೆಬ್ಬೆರಳು ಕಿರುಬೆರಳ ಬುಡದಲ್ಲಿ ನಿಂತಿತು. "ಮಂಗಳವಾರ ಸಂಜೆ. ಐದೂ ನಲವತ್ತೆರಡು."

"ಮಂಗಳವಾರ ಸಂಜೆನಾ? ನಾನು ವಾಷಿಂಗ್ಟನ್ ಆಫೀಸಲ್ಲಿದ್ದೆ!" ಗುರುದತ್ ಕೂಗಿಯೇಬಿಟ್ಟ. "ಐದರಿಂದ ಆರೂವರೆ ತನಕ ಮೀಟಿಂಗ್. ಹಾರ್ಗ್ರೋವ್ ನನ್ನೆದುರಿಗೇ ಕೂತಿದ್ದ! ಅವನೇ ನನಗೆ ಸಾಕ್ಷಿ ಆಂಟಿ! ಯಾಮಿನಿ, ಕೇಳಿಸ್ತಾ?"

ಯಾಮಿನಿಗೆ ಕೇಳಿಸಿತ್ತು. ಅವಳು ಒಂದೇ ಟವೆಲನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಗಂಡನ ಕುತ್ತಿಗೆಯ ಕುಣಿಕೆ ಸಡಿಲವಾದಾಗ ಹೆಂಡತಿಯ ಮುಖ ಅರಳಬೇಕು. ಇವಳದು ಬಿಳಿಚಿಕೊಂಡಿತು.

"ಕೂತ್ಕೋ ಗುರು," ಎಂದಳು ರಾಜಲಕ್ಷ್ಮಿ. "ಸೋಮವಾರ ಇಷ್ಟನ್ನೇ ಹೇಳಿದ್ರೆ, ನಿನ್ನೆ ರಾತ್ರಿ ಗಡಿಯಾರ ತಿರುಗಿಸಿಟ್ಟು ನಾಟಕ ಆಡ್ತಿದಾನೆ ಅಂತಾರೆ. ಹಳೇ ಫ್ಯಾಕ್ಸುಗಳು ನಿಜವಾಗಿ ಎಷ್ಟು ಗಂಟೆಗೆ ಬಂದ್ವು ಅಂತ ಆಫೀಸಲ್ಲಿ ಯಾರೂ ಬರೆದಿಟ್ಟಿಲ್ಲ. ಗೆರೆ ಬರಬೇಕಾದ್ರೆ ಅಕ್ಷತೆ ಮೊದಲೇ ಬಿದ್ದಿರಬೇಕು. ನಿನ್ನ ಪೂಜೆ ಬುಧವಾರ. ಫ್ಯಾಕ್ಸು ಮಂಗಳವಾರ. ಹಾಗಾದ್ರೆ ಮಂಗಳವಾರ ಅಕ್ಷತೆ ಹಾಕಿದ್ದು ಯಾರು?"

ಗುರುದತ್ ಗೋಡೆಯ ಮೇಲಿನ ಕ್ಯಾಲೆಂಡರ್ ತೋರಿಸಿದ. ಅವನ ಅಮ್ಮ ಬೆಂಗಳೂರಿನಿಂದ ಕಳಿಸಿದ್ದು. ದಿನಕ್ಕೊಂದು ಚೌಕ, ಚೌಕದ ತುಂಬ ತಿಥಿ ನಕ್ಷತ್ರ. "ಆಯುಧಪೂಜೆ ಬುಧವಾರ ಅಂತ್ಲೇ ಇದೆಯಲ್ಲ ಆಂಟಿ. ಮಂಗಳವಾರ ಯಾಕೆ ಮಾಡ್ತಾರೆ?"

"ಅದು ಬೆಂಗಳೂರಿನ ಬುಧವಾರ ಕಣಪ್ಪಾ. ಅಲ್ಲಿ ಬುಧವಾರ ಬೆಳಗ್ಗೆ ನವಮಿ ನಡೀತಿರೋವಾಗ ಇಲ್ಲಿ ಇನ್ನೂ ಮಂಗಳವಾರ ರಾತ್ರಿ. ಇಲ್ಲಿಯ ಬುಧವಾರ ಬೆಳಗಾಗೋದ್ರೊಳಗೆ ನವಮಿ ಮುಗಿದಿತ್ತು. ಅದಕ್ಕೇ ಲ್ಯಾನ್‌ಹ್ಯಾಮ್ ದೇವಸ್ಥಾನದ ಹಬ್ಬದ ಪಟ್ಟಿಯಲ್ಲಿ ಮಂಗಳವಾರ ಅಂತ ಹಾಕಿದ್ರು. ನಮ್ಮನೇಲೂ ಮಂಗಳವಾರವೇ ಮಾಡಿದ್ದು."

ಬೆಂಗಳೂರಿನ ಬುಧವಾರ, ಲ್ಯಾನ್‌ಹ್ಯಾಮಿನ ಮಂಗಳವಾರ, ಟೋಂಗಾದ ಇನ್ನೊಂದು ಬುಧವಾರ. ನನ್ನ ತಲೆ ಗಿರ್ರೆಂದಿತು. ಎರಡು ದೇಶಗಳು ಕೈ ಕುಲುಕಿದ್ದಕ್ಕೆ ಎಲಿಕಾಟ್ ಸಿಟಿಯಲ್ಲಿ ನಾನು ವಾರ ಎಣಿಸುತ್ತಾ ಕೂರಬೇಕಾಗಿ ಬಂತು.

"ಅಂದ್ರೆ ಮಂಗಳವಾರವೂ ಈ ಮನೇಲಿ ಪೂಜೆ ಆಗಿದೆ," ಎಂದಳು ರಾಜಲಕ್ಷ್ಮಿ. "ಗುರುಗೆ ಗೊತ್ತಿಲ್ಲದೆ. ಅದಕ್ಕೊಂದು ಸಾಕ್ಷಿ ಸಿಕ್ಕಿದ್ರೆ ಇವನು ಬಚಾವ್. ಇಲ್ಲದಿದ್ರೆ ಇಲ್ಲ. ಅಷ್ಟೇ."

ಆಮೇಲೆ ನಿಧಾನವಾಗಿ ಸೋಫಾದತ್ತ ತಿರುಗಿದಳು.

"ಯಾಮಿನಿ, ಮಂಗಳವಾರ ಮನೇಲಿ ಯಾರಿದ್ರು?"

"ನಾನೊಬ್ಳೇ ಆಂಟಿ."

"ಪೂಜೆ ಮಾಡಿದ್ಯಾ?"

"ಇಲ್ಲ."

"ನನ್ನ ಪೂಜೆ ಫೋಟೋ ಇದೆಯಲ್ಲ!" ಗುರುದತ್ ಎದ್ದ. ಪಾಪ, ಅವನಿಗೆ ಎಲ್ಲೆಲ್ಲೂ ಸಾಕ್ಷಿಯೇ ಕಾಣುತ್ತಿತ್ತು. "ಬುಧವಾರದ್ದು. ನೋಡಿ ಆಂಟಿ, ಪ್ಲಗ್ ಕಿತ್ತಿರೋದು ಕಾಣುತ್ತೆ." ಡ್ರಾಯರಿನಿಂದ ಫೋಟೋ ಲಕೋಟೆ ತೆಗೆದು ನನ್ನ ಕೈಗೆ ಕೊಟ್ಟ. "ಅಂಕಲ್, ನೋಡ್ತಾ ಇರಿ. ಎಲ್ಲರಿಗೂ ಕಾಫಿ ತರ್ತೀನಿ." ಶಿಳ್ಳೆ ಹಾಕುತ್ತಾ ಅಡಿಗೆಮನೆಗೆ ಹೋದ. ಐದು ದಿನದಲ್ಲಿ ಅವನ ಶಿಳ್ಳೆ ಕೇಳಿದ್ದು ಅದೇ ಮೊದಲು.

ನಾನು ಫೋಟೋ ತಿರುವಿದೆ. ಕಾರಿನ ಚಕ್ರದಡಿ ನಿಂಬೆಹಣ್ಣು. ಮಿಕ್ಸಿಗೆ ಚೆಂಡುಹೂವು. ಫ್ಯಾಕ್ಸಿನ ಹಣೆಗೆ ಧಾರಾಳವಾಗಿ ಮೆತ್ತಿದ ಕುಂಕುಮ. ಪ್ರತಿಯೊಂದರ ಮೂಲೆಯಲ್ಲೂ ಕ್ಯಾಮೆರಾ ಹಾಕಿದ ಕಿತ್ತಳೆ ಬಣ್ಣದ ಅಂಕಿ: 98 9 30. ಎಲ್ಲ ಬುಧವಾರದ್ದೇ.

ಅತ್ತ ನನ್ನ ಹೆಂಡತಿ ಯಾಮಿನಿಯನ್ನು ವಿಚಾರಿಸುತ್ತಿದ್ದಳು. ಅವಳು ದನಿ ಏರಿಸುವುದಿಲ್ಲ. ಏರಿಸಿದರೆ ನಾನಾದರೂ ಎದುರು ಮಾತಾಡಬಹುದಿತ್ತು.

"ಅಕ್ಷತೆ ಕಾಳು ತಾನಾಗೇ ಹಾರಿ ಬಂತಾ?"

"ಗೊತ್ತಿಲ್ಲ ಆಂಟಿ."

"ಟಿಪ್ಪಣಿ ಎಲ್ಲಿತ್ತು?"

"ಇವರ ಬ್ಯಾಗಲ್ಲಿ ಇದ್ದಿರಬೇಕು. ನಾನು ಇವರ ಆಫೀಸ್ ಪೇಪರ್ ಮುಟ್ಟಲ್ಲ."

"ದೇವಸ್ಥಾನದ ಪಟ್ಟಿ ನಿಮ್ಮನೆಗೆ ಬರುತ್ತಾ?"

"ಇಲ್ಲ."

"ಹಾಗಾದ್ರೆ ಹಬ್ಬ ಮಂಗಳವಾರ ಅಂತ ನಿನಗೆ ಹೇಳಿದ್ದು ಯಾರು?"

ಯಾಮಿನಿ ತಲೆಯೆತ್ತಿ ನೋಡಿದಳು. ರಾಜಲಕ್ಷ್ಮಿಯನ್ನಲ್ಲ, ನನ್ನನ್ನು. ಬಂದಾಗಿನಿಂದ ಅವಳು ಹೀಗೆ ನೋಡುತ್ತಿರುವುದು ಇದು ಮೂರನೆಯ ಸಲ. ಮೊದಲೆರಡು ಸಲ ನನಗೆ ಕಾಫಿ ಬೇಕೇನೋ ಎಂದು ನೋಡುತ್ತಿದ್ದಾಳೆ ಅಂದುಕೊಂಡಿದ್ದೆ. ಒಳ್ಳೆಯ ಹುಡುಗಿ. ಯುಗಾದಿಗೆ ಕನ್ನಡ ಸಂಘದ ನಾಟಕದಲ್ಲಿ ನಮ್ಮ ಅಮೋಘನಿಗೆ ಒಂದೊಂದೇ ಮಾತು ತಿದ್ದಿ ತಿದ್ದಿ ಹೇಳಿಕೊಟ್ಟವಳು ಇವಳೇ.

"ಮರೆತುಹೋಗಿದೆ ಆಂಟಿ," ಎಂದಳು ಕೊನೆಗೆ.

ಲಕೋಟೆಯ ಹಿಂಬದಿಯಲ್ಲಿ ನೆಗೆಟಿವ್ ಇಡುವ ಕಿಸೆಯಿತ್ತು. ಅದು ಯಾಕೋ ಉಬ್ಬಿತ್ತು. ಬೆರಳು ಹಾಕಿದೆ. ನೆಗೆಟಿವ್ ಪಟ್ಟಿಗಳ ಹಿಂದೆ ಒಂದು ಫೋಟೋ ಅಡಗಿ ಕುಳಿತಿತ್ತು. ಬಚ್ಚಿಟ್ಟವರಿಗೆ ಅದನ್ನು ಹರಿದು ಹಾಕಲು ಮನಸ್ಸಾಗಿರಲಿಲ್ಲ. ಪೂಜೆಯ ಫೋಟೋ ಹರಿಯಲು ನಮ್ಮವರಿಗೆ ಯಾರಿಗೂ ಕೈ ಬರುವುದಿಲ್ಲ.

ಯಾಮಿನಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಫೋಟೋ ತೆಗೆಯುತ್ತಿದ್ದವನನ್ನು ನೋಡಿ ನಗುತ್ತಿದ್ದಳು. ಮೂಲೆಯಲ್ಲಿ 98 9 29.

ಮಂಗಳವಾರ!

ಸಿಕ್ಕಿತು ಎಂದು ಕೂಗಲು ಬಾಯಿ ತೆರೆದೆ. ನಲವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಪತ್ತೇದಾರಿಕೆಯಲ್ಲಿ ನಾನು ಅವಳಿಗಿಂತ ಮುಂದಿದ್ದೆ. ಅಷ್ಟರಲ್ಲಿ ಫೋಟೋದೊಳಗಿನ ಫ್ಯಾಕ್ಸ್ ಕಣ್ಣಿಗೆ ಬಿತ್ತು.

ಫ್ಯಾಕ್ಸಿನ ಹಣೆಯ ಮೇಲೆ ಬಿಳಿ ಪೇಪರ್ ಟೇಪಿನ ಒಂದು ಚೌಕ. ಚೌಕದ ನಡುವೆ ಕುಂಕುಮ. ಟೇಪಿನ ಒಂದು ಮೂಲೆ ಒಪ್ಪವಾಗಿ ಮಡಚಿತ್ತು.

ಬಾಯಿ ತೆರೆದದ್ದು ತೆರೆದೇ ಉಳಿಯಿತು. ಇದನ್ನು ಇಡೀ ಅಮೆರಿಕದಲ್ಲಿ ಮಾಡುವವರು ಇಬ್ಬರು. ಒಬ್ಬ ಆವತ್ತು ಸಂಜೆ ತನ್ನ ಮನೆಯಲ್ಲಿ ತನ್ನ ಕಾರಿಗೆ ಟೇಪು ಹಚ್ಚುತ್ತಿದ್ದ. ಇನ್ನೊಬ್ಬ ಕೆಲಸವಿದೆ, ಬರಲಾಗುವುದಿಲ್ಲ ಎಂದು ಫೋರ್ಟ್ ಮಿಲ್ಲಿನಿಂದ ಫೋನ್ ಮಾಡಿದ್ದ. ದೇವಸ್ಥಾನದ ಪಟ್ಟಿಯಲ್ಲಿ ಮಂಗಳವಾರ ಇದೆ ಕಣೋ ಎಂದು ಅವನಿಗೆ ಹೇಳಿದ್ದೇ ನಾನು.

ಫೋರ್ಟ್ ಮಿಲ್ಲಿನ ಕಾಪಿ ಅಂಗಡಿ. ನೋಬಡಿ ರಿಮೆಂಬರ್ಸ್ ಅಪ್ಪಾ.

ಯಾಕೆ? ಟೋಂಗಾ ಯಾರ ಕೈ ಕುಲುಕಿದರೆ ಬ್ಯಾಂಕಿನಲ್ಲಿರುವ ಹುಡುಗನಿಗೇನು? ಇವಳು ನಗುತ್ತಿರುವುದೇಕೆ? ಗುರುದತ್ ಸಿಕ್ಕಿಬೀಳಲೆಂದೇ ಆ ಲಕೋಟೆ ಷಾರ್ಲೆಟ್ಟಿನಿಂದ ಹಾರ್ಗ್ರೋವ್‌ಗೆ ಬಂತೇ? ಫ್ಯಾಕ್ಸ್ ಕಳಿಸಿದವನು ಅವನೋ, ಇವಳೋ, ಇಬ್ಬರೂ ಸೇರಿಯೋ? ಕಳಿಸಿದವನು ಇಲ್ಲಿದ್ದರೆ ಅಲ್ಲಿ ಅಂಗಡಿಯಲ್ಲಿ ಅದನ್ನು ತೆಗೆದುಕೊಂಡವರು ಯಾರು? ಒಂದು ಪ್ರಶ್ನೆಗೂ ತಲೆಬುಡ ಸಿಗಲಿಲ್ಲ. ಒಂದು ಮಾತ್ರ ಸ್ಪಷ್ಟವಿತ್ತು. ಗುರುದತ್ತನನ್ನು ಉಳಿಸುವ ಸಾಕ್ಷಿ ನನ್ನ ಕೈಯಲ್ಲಿದೆ, ಅದು ನನ್ನ ಮಗನ ಕೊರಳಿಗೆ ಬೀಳುತ್ತದೆ.

ಅಡಿಗೆಮನೆಯಿಂದ ಶಿಳ್ಳೆ ಕೇಳುತ್ತಿತ್ತು. ನನ್ನ ಕೈ ನನ್ನನ್ನು ಕೇಳದೆ ಫೋಟೋವನ್ನು ಕೋಟಿನ ಒಳಜೇಬಿಗೆ ಇಳಿಸಿತು. ನಾಚಿಕೆಯಾಯಿತು. ಆದರೂ ವಾಪಸು ತೆಗೆಯಲಿಲ್ಲ.

"ಏನಾದ್ರೂ ಸಿಕ್ತಾ ರೀ?"

"ಎಲ್ಲ ಬುಧವಾರದ್ದೇ," ಎಂದೆ. ನನ್ನ ದನಿ ನನಗೇ ಬೇರೆಯವರದೆನ್ನಿಸಿತು.

"ನೆಗೆಟಿವ್ ಕೊಡಿ ಇಲ್ಲಿ."

ಕೊಡದೆ ಏನು ಮಾಡಲಿ? ಅವಳು ಪಟ್ಟಿಗಳನ್ನು ಕಿಟಕಿಯ ಬೆಳಕಿಗೆ ಒಂದೊಂದಾಗಿ ಹಿಡಿದಳು. ಹೊರಗೆ ಮೇಪಲ್ ಮರದ ಕೊನೆಯ ಎಲೆಗಳು ಉದುರುತ್ತಿದ್ದವು. ಅವಳ ಬೆರಳು ಮೂರನೆಯ ಪಟ್ಟಿಯ ಮೇಲೆ ನಿಂತಿತು. ಬಹಳ ಹೊತ್ತು ನಿಂತಿತು.

"ಇದೊಂದರ ಪ್ರಿಂಟ್ ಇಲ್ಲಿಲ್ಲ," ಎಂದಳು. "ಆರತಿ ತಟ್ಟೆ ಇದೆ. ಫ್ಯಾಕ್ಸಿದೆ. ಫ್ಯಾಕ್ಸ್ ಮೇಲೆ ಚೌಕವಾಗಿ ಕಪ್ಪಗೆ ಏನೋ ಇದೆ. ನೆಗೆಟಿವಲ್ಲಿ ಕಪ್ಪಗಿದ್ರೆ ಅದು ನಿಜವಾಗಿ ಬಿಳಿ."

ಯಾಮಿನಿಯ ಮಡಿಲಿನಿಂದ ಟವೆಲು ಜಾರಿ ನೆಲಕ್ಕೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ.

ರಾಜಲಕ್ಷ್ಮಿ ಕಿಟಕಿಯ ಕಡೆಗೇ ಮುಖ ಮಾಡಿ ನಿಂತಿದ್ದಳು. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ನೋಡಿ ಮುಗಿದ ಪಟ್ಟಿಯನ್ನೇ ಮತ್ತೆ ಬೆಳಕಿಗೆ ಹಿಡಿದಳು. ಇಪ್ಪತ್ತಾರು ವರ್ಷ ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗಲೂ ಒಂದನ್ನೇ ಎರಡು ಸಲ ನೋಡಿದವಳಲ್ಲ.

"ರೀ," ಎಂದಳು. "ಈ ಸಲ ಆಯುಧಪೂಜೆಗೆ ಅಮೋಘ ಬಂದಿದ್ನಾ?"

"ಇಲ್ಲ," ಎಂದೆ. ಅದು ಸುಳ್ಳಾಗಿರಲಿಲ್ಲ. ಇಷ್ಟು ಹತ್ತಿರ ಬಂದವನು ನಮ್ಮ ಮನೆಗೆ ಬಂದಿರಲಿಲ್ಲ.

ಅವಳು ತಿರುಗಿದಳು. ಕಣ್ಣು ತುಂಬಿತ್ತು. ಆದರೆ ಅಂಗೈ ನನ್ನ ಮುಂದೆ ಚಾಚಿತ್ತು.

"ಕೋಟಿನ ಜೇಬಲ್ಲಿರೋದನ್ನ ಕೊಡಿ."

ಗುರುದತ್ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಶಿಳ್ಳೆ ಯಾವಾಗ ನಿಂತಿತೋ ನಾನು ಗಮನಿಸಿರಲಿಲ್ಲ. ಅವನು ಅವಳ ಕೈ ನೋಡಿದ, ನನ್ನ ಕೋಟು ನೋಡಿದ. ಮುಖದಲ್ಲಿ ಇನ್ನೂ ನಗುವಿತ್ತು.

"ಜೇಬಲ್ಲಿ ಏನಿದೆ ಅಂಕಲ್? ಮಂಗಳವಾರದ ಫೋಟೋ ಸಿಕ್ತಾ?"

ನನ್ನ ಕೈ ಒಳಜೇಬಿಗೆ ಹೋಯಿತು. ಫೋಟೋದ ಅಂಚು ಬೆರಳಿಗೆ ತಾಗಿತು.

ಸೋಫಾದಿಂದ ಯಾಮಿನಿ ಎದ್ದು ನಿಂತಳು. ಗಂಡನ ಕಡೆ ನೋಡದೆ, ಆ ಮಧ್ಯಾಹ್ನ ಮೊದಲ ಬಾರಿಗೆ ದನಿ ಗಟ್ಟಿ ಮಾಡಿ ಹೇಳಿದಳು:

"ಕೊಡಬೇಡಿ ಅಂಕಲ್."